ಕಡಲತಡಿಯ ಊರಿನಲ್ಲಿ ನೆಲಸುವ ಮುನ್ನ

ಮುಂಬಯಿಯ ಕನ್ನಡಿಗರಲ್ಲಿ, ಅದರಲ್ಲಿಯೂ ಕರಾವಳಿಯ ಮೂಲದವರಲ್ಲಿ, ನಿವೃತ್ತಿಯ ದಿನ ಸಮೀಪಿಸಿದಂತೆಲ್ಲ ಮನೆಮನೆಗಳಲ್ಲಿಯೂ ಕೇಳಿಬರುವ ಮಾತೊಂದಿದೆ: “ಇನ್ನು ಊರಿಗೆ ಹೋಗಿ ಇದ್ದುಬಿಡೋಣ.” ಮೂರು ನಾಲ್ಕು ದಶಕಗಳ ಕಾಲ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಸವೆದ ದೇಹಕ್ಕೆ ಕಡಲಗಾಳಿ, ಎಳನೀರು, ಆಗತಾನೆ ದಡ ಸೇರಿದ ಮೀನು, ರಾತ್ರಿಯ ನಿಶ್ಶಬ್ದ ಇವಿಷ್ಟೂ ಒಂದೇ ಕಡೆ ದೊರೆಯುವುದಾದರೆ ಅದಕ್ಕಿಂತ ಮಿಗಿಲಾದ ಔಷಧ ಯಾವುದಿದ್ದೀತು ಎಂಬ ಭಾವನೆ ಸಹಜವಾದುದೇ. ಈಚೆಗೆ ಕರಾವಳಿಯಲ್ಲಿ ಹುಟ್ಟಿದ ಊರೆಂಬುದು ಇಲ್ಲದವರೂ ಈ ಮಾತನ್ನು ಆಡತೊಡಗಿದ್ದಾರೆ. ಪುಣೆ, ದಿಲ್ಲಿ, ಹೈದರಾಬಾದುಗಳಲ್ಲಿ ಬಾಳಿದ ಬಯಲುಸೀಮೆಯ ಕುಟುಂಬಗಳು ರಜೆಯಲ್ಲಿ ಕಂಡು ಮೆಚ್ಚಿದ ಪುಟ್ಟ ಮೀನುಗಾರಿಕೆಯ ಪಟ್ಟಣವೊಂದರಲ್ಲಿ ಮನೆ ಮಾಡುವ ಯೋಚನೆಯಲ್ಲಿರುವುದುಂಟು.

1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗವು ಉದ್ದಕ್ಕೂ ತೆರೆದ ಮೇಲೆ ಈ ಆಸೆಗೆ ಕಾಲು ಬಂದಂತಾಗಿದೆ. ಮತ್ಸ್ಯಗಂಧಾ ಎಂಬ ಒಪ್ಪುವ ಹೆಸರನ್ನೇ ಹೊತ್ತ ರೈಲು ಮಧ್ಯಾಹ್ನ ಮುಂಬಯಿಯಿಂದ ಹೊರಟವರನ್ನು ಮರುದಿನ ಮುಂಜಾನೆ ಕುಂದಾಪುರದಲ್ಲಿ ಇಳಿಸುತ್ತದೆ. ಆ ಮುಂಜಾನೆ ಸಾಮಾನ್ಯವಾಗಿ ಡಿಸೆಂಬರಿನದಾಗಿರುತ್ತದೆ. ಆಕಾಶ ನಿರ್ಮಲ, ಗಾಳಿ ತಂಪು, ಕಡಲು ಶಾಂತ, ಬಾವಿಯ ನೀರು ಸಿಹಿ. ಮನೆ ನೋಡಿ ಮುಂಗಡ ಕೊಟ್ಟು ಹಿಂದಿರುಗಲು ಅಷ್ಟು ಸಾಕಾಗುತ್ತದೆ. ಆದರೆ ಡಿಸೆಂಬರಿನಲ್ಲಿ ಆರಿಸಿದ ಊರಿನಲ್ಲಿ ಏಪ್ರಿಲನ್ನೂ ಜುಲೈಯನ್ನೂ ಕಳೆಯಬೇಕಾಗುತ್ತದೆ ಎಂಬುದು ಹಲವರಿಗೆ ನೆಲಸಿದ ಮೇಲೆಯೇ ಹೊಳೆಯುವ ವಿಷಯ. ಅರುವತ್ತು ದಾಟಿದ, ರಕ್ತದೊತ್ತಡವೋ ಮಧುಮೇಹವೋ ಜೊತೆಗಿರುವ ದಂಪತಿಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಗಂಗೊಳ್ಳಿಯ ಉದಾಹರಣೆ

ಉಡುಪಿ ಜಿಲ್ಲೆಯ ಗಂಗೊಳ್ಳಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಪಡುವಣಕ್ಕೆ ಅರಬ್ಬೀ ಸಮುದ್ರ. ಇನ್ನೊಂದು ಬದಿಗೆ ಪಂಚಗಂಗಾವಳಿಯ ವಿಶಾಲವಾದ ನೀರು. ಎರಡರ ನಡುವೆ ನಾಲಗೆಯಂತೆ ಚಾಚಿದ ನೆಲ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಇಲ್ಲಿ ಕೂಡಿಕೊಂಡು ಕಡಲಿಗೆ ಇಳಿಯುತ್ತವೆ. ಬಂದರಿನಲ್ಲಿ ಬಣ್ಣಬಣ್ಣದ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಮೀನು ಬಂದ ಹೊತ್ತಿಗೆ ಏಲಂ ಕೂಗುವವರ, ಬುಟ್ಟಿ ಹೊರುವವರ, ಐಸು ಒಡೆಯುವವರ ಗದ್ದಲ. ಖಾರ್ವಿಯವರ ಕೊಂಕಣಿಯೂ ಸುತ್ತಲಿನ ಕುಂದಗನ್ನಡವೂ ಒಂದೇ ಕಟ್ಟೆಯ ಮೇಲೆ ಕೇಳಿಸುತ್ತವೆ. ಕಣ್ಣಿಗೆ ಇದಕ್ಕಿಂತ ಸೊಗಸಾದ ಊರು ಬೇಕೆನ್ನುವವರು ವಿರಳ.

ಅಲ್ಲಿನ ಕಡವಿನಲ್ಲಿ ನಿಂತರೆ ನೀರಿನ ಆಚೆಗೆ ಕುಂದಾಪುರ ಪಟ್ಟಣ ಕಾಣುತ್ತದೆ. ಆಸ್ಪತ್ರೆ, ಔಷಧದಂಗಡಿ, ಪ್ರಯೋಗಶಾಲೆ ಎಲ್ಲವೂ ಆ ದಡದಲ್ಲಿವೆ. ಆದರೆ ರಸ್ತೆಯಲ್ಲಿ ಹೋಗುವವರು ಮೊದಲು ಬಡಗಣಕ್ಕೆ ತ್ರಾಸಿಯ ಕಡೆಗೆ ನಡೆದು, ಹೆದ್ದಾರಿಯನ್ನು ಹಿಡಿದು, ಹೊಳೆಗಳನ್ನು ದಾಟಿ, ಮರಳಿ ತೆಂಕಣಕ್ಕೆ ಬರಬೇಕು; ಸುಮಾರು 15 ಕಿಲೋಮೀಟರಿನ ಸುತ್ತು. ಕಣ್ಣಳತೆಯ ದೂರ ಬೇರೆ, ದಾರಿಯ ದೂರ ಬೇರೆ. ಕಡಲತೀರದ ಎಷ್ಟೋ ಊರುಗಳ ಸ್ಥಿತಿ ಇದೇ. ನದಿ, ಹಿನ್ನೀರು, ಅಳಿವೆಗಳೇ ಅವುಗಳ ಚೆಲುವಿಗೂ ಅವುಗಳ ಒಂಟಿತನಕ್ಕೂ ಕಾರಣ.

ಕಡಲಗಾಳಿಯ ಗುಣ

ಸಮುದ್ರದ ಗಾಳಿ ರೋಗಹರವೆಂಬ ನಂಬಿಕೆಗೆ ಬಹಳ ದೀರ್ಘವಾದ ಚರಿತ್ರೆಯಿದೆ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ರಿಚರ್ಡ್ ರಸೆಲ್ ಎಂಬ ವೈದ್ಯನು ಗ್ರಂಥಿಗಳ ರೋಗಕ್ಕೆ ಸಮುದ್ರಸ್ನಾನವನ್ನೂ, ಅಷ್ಟೇ ಅಲ್ಲ, ಸಮುದ್ರದ ನೀರಿನ ಪಾನವನ್ನೂ ವಿಧಿಸಿ ಗ್ರಂಥ ಬರೆದನು. ಬ್ರೈಟನ್ ಎಂಬ ಬೆಸ್ತರ ಹಳ್ಳಿಯು ಶ್ರೀಮಂತರ ಪಟ್ಟಣವಾಗಿ ಬೆಳೆದುದರಲ್ಲಿ ಅವನ ಪಾಲು ಹಿರಿದು. ಮುಂದೆ ಸಮುದ್ರದ ಗಾಳಿಯಲ್ಲಿ ಓಜೋನ್ ಎಂಬ ಅನಿಲವಿದೆಯೆಂದೂ ಅದೇ ಚೈತನ್ಯ ನೀಡುವುದೆಂದೂ ಪ್ರಚಾರವಾಯಿತು. ನಿಜವಾಗಿ ನೋಡಿದರೆ ಕಡಲಿನ ಆ ವಿಶಿಷ್ಟ ವಾಸನೆ ಹೆಚ್ಚಾಗಿ ನೀರಿನ ಸೂಕ್ಷ್ಮ ಪಾಚಿಗಳಿಂದ ಹುಟ್ಟುವ ಗಂಧಕದ ಸಂಯುಕ್ತವೊಂದರದು, ಓಜೋನಿನದಲ್ಲ. ಓಜೋನ್ ಹೆಚ್ಚಾದರೆ ಶ್ವಾಸಕೋಶಕ್ಕೆ ಹಾನಿಯೇ ಹೊರತು ಹಿತವಿಲ್ಲ.

ಹಾಗೆಂದು ಕಡಲಗಾಳಿಯಿಂದ ಪ್ರಯೋಜನವೇ ಇಲ್ಲವೆಂದಲ್ಲ. ಮಹಾನಗರದ ಹೊಗೆ ಮತ್ತು ಧೂಳಿನಿಂದ ದೂರವಾಗುವುದು ಹೃದಯಕ್ಕೂ ಶ್ವಾಸಕೋಶಕ್ಕೂ ಒಳ್ಳೆಯದು ಎಂಬುದರಲ್ಲಿ ಸಂದೇಹವಿಲ್ಲ. ದಿಲ್ಲಿಯ ಚಳಿಗಾಲದ ಕಾವಳದಲ್ಲಿ ಉಸಿರಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳಗಿನ ಹಾಗೂ ಸಂಜೆಯ ನಡಿಗೆಗೆ ಅವಕಾಶ ಹೆಚ್ಚು; ನಿದ್ರೆಯೂ ಸುಧಾರಿಸಬಹುದು. ಆದರೆ ಇವೆಲ್ಲ ಗಾಳಿಯಲ್ಲಿರುವ ಯಾವುದೋ ದಿವ್ಯಾಂಶದ ಫಲವಲ್ಲ. ಗಾಳಿಯಲ್ಲಿ ಏನಿಲ್ಲವೋ ಅದರ ಫಲ.

ಇದೇ ಗಾಳಿಗೆ ಮತ್ತೊಂದು ಮುಖವಿದೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಕರಾವಳಿಯ ಉಷ್ಣತೆ ಸಾಮಾನ್ಯವಾಗಿ 33ರಿಂದ 35 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ದಿಲ್ಲಿ, ಹೈದರಾಬಾದುಗಳ ಬೇಸಗೆಯನ್ನು ಕಂಡವರಿಗೆ ಇದು ಅಲ್ಪವೆನಿಸಬಹುದು. ಆದರೆ ಮನುಷ್ಯದೇಹ ತಂಪಾಗುವುದು ಬೆವರುವುದರಿಂದಲ್ಲ, ಬೆವರು ಆರುವುದರಿಂದ. ಗಾಳಿಯಲ್ಲಿ ನೀರಿನಾವಿ ತುಂಬಿರುವಾಗ ಬೆವರು ಆರದೆ ಹರಿದುಹೋಗುತ್ತದೆ. ಲವಣವೂ ನೀರೂ ನಷ್ಟವಾಗುತ್ತವೆ, ಮೈ ಮಾತ್ರ ತಣಿಯುವುದಿಲ್ಲ. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವು ಕುಂದಿರುತ್ತದೆ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆ ಸೇವಿಸುವವರಿಗೆ ಇಂಥ ದಿನಗಳಲ್ಲಿ ತಲೆ ತಿರುಗಿ ಬೀಳುವ ಸಂಭವವುಂಟು. ಔಷಧದ ಪ್ರಮಾಣವನ್ನು ಬೇಸಗೆಗೆ ತಕ್ಕಂತೆ ಬದಲಿಸಬೇಕೇ ಎಂದು ವೈದ್ಯರನ್ನು ಮಾರ್ಚ್ ತಿಂಗಳಲ್ಲಿಯೇ ಕೇಳಿಕೊಳ್ಳುವುದು ಲೇಸು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿಬಿಡುವುದು ಸರಿಯಲ್ಲ.

ಬಾವಿಯ ನೀರು

ಮನೆ ನೋಡಲು ಹೋದವರು ಕೋಣೆಗಳನ್ನು ಎಣಿಸುತ್ತಾರೆ, ಕಡಲು ಕಾಣುವ ಕಿಟಕಿಯನ್ನು ಹುಡುಕುತ್ತಾರೆ. ಬಾವಿಯೊಳಕ್ಕೆ ಬಗ್ಗಿ ನೋಡುವವರು ಕಡಮೆ. ಆರೋಗ್ಯದ ದೃಷ್ಟಿಯಿಂದ ಮೊದಲು ನೋಡತಕ್ಕದ್ದು ಅದನ್ನೇ.

ಕಡಲತೀರದ ಮರಳಿನ ಅಡಿಯಲ್ಲಿ ಮಳೆಯಿಂದ ಇಂಗಿದ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಉಪ್ಪುನೀರು ತೂಕದಲ್ಲಿ ಹೆಚ್ಚಾದುದರಿಂದ ಕೆಳಗೆ ನಿಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನ ಶಾಸ್ತ್ರಜ್ಞರು ಇದರ ಲೆಕ್ಕವನ್ನು ಕಂಡುಕೊಂಡರು. ಸಮುದ್ರಮಟ್ಟಕ್ಕಿಂತ ಸಿಹಿನೀರು 1 ಮೀಟರ್ ಎತ್ತರ ನಿಂತಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಸಿಹಿನೀರು ಇರುತ್ತದೆ. ಈ ಲೆಕ್ಕದ ಇನ್ನೊಂದು ಮಗ್ಗುಲು ಭಯಂಕರವಾದುದು. ಮೇಲೆ ಅರ್ಧ ಮೀಟರ್ ನೀರನ್ನು ಪಂಪಿನಿಂದ ಸೆಳೆದರೆ ಕಾಲಕ್ರಮದಲ್ಲಿ ಕೆಳಗಿನ ಉಪ್ಪುನೀರು 20 ಮೀಟರಿನಷ್ಟು ಮೇಲೇರಬಲ್ಲುದು. ಹಿಂದಿನವರು ಕೊಡಪಾನದಿಂದ ಸೇದುತ್ತಿದ್ದಾಗ ಉಳಿದಿದ್ದ ಸಿಹಿನೀರು ಕೊಳವೆಬಾವಿ ಕೊರೆದ ಕೆಲವೇ ವರ್ಷಗಳಲ್ಲಿ ಸಪ್ಪೆ ಉಪ್ಪಾಗುವುದು ಹೀಗೆ. ಡಿಸೆಂಬರಿನಲ್ಲಿ ಸಿಹಿಯಾಗಿದ್ದ ಬಾವಿ ಏಪ್ರಿಲಿನಲ್ಲಿ ಸವುಳಾಗುವುದೂ ಇದರಿಂದಲೇ.

ನೀರಿನ ಉಪ್ಪು ನಾಲಗೆಗೆ ಸ್ಪಷ್ಟವಾಗಿ ತಿಳಿಯುವ ಮುನ್ನವೇ ಅದರ ಸೋಡಿಯಂ ದೇಹವನ್ನು ಸೇರುತ್ತಿರುತ್ತದೆ. ಬಾಂಗ್ಲಾದೇಶದ ಕರಾವಳಿಯಲ್ಲಿ ನಡೆದ ಅಧ್ಯಯನಗಳಲ್ಲಿ ಉಪ್ಪು ನೀರು ಕುಡಿಯುವವರ ರಕ್ತದೊತ್ತಡ ಹೆಚ್ಚಾಗಿರುವುದು, ಗರ್ಭಿಣಿಯರಲ್ಲಿಯೂ ಅದರ ತೊಂದರೆಗಳಿರುವುದು ಕಂಡುಬಂದಿದೆ. ದಿನವೊಂದಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಡುಗೆಯಲ್ಲಿ ಚಿಟಿಕೆ ಲೆಕ್ಕ ಹಿಡಿದು ಉಪ್ಪು ಬಳಸುವ ಗೃಹಿಣಿಗೆ ಕುಡಿಯುವ ನೀರಿನಲ್ಲಿಯೇ ಅದರ ಒಂದು ಪಾಲು ಬರುತ್ತಿದೆಯೆಂಬುದು ತಿಳಿಯದಿದ್ದರೆ ಪಥ್ಯವೆಲ್ಲ ವ್ಯರ್ಥ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಕ್ಲೋರೈಡಿನ ಅಂಶ ಲೀಟರಿಗೆ 250 ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರೇ ಇಲ್ಲದೆಡೆ 1,000 ಮಿಲಿಗ್ರಾಂ ಗರಿಷ್ಠ ಮಿತಿ. ಮೇ ತಿಂಗಳಲ್ಲಿ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಟ್ಟರೆ ವಿಷಯ ಗೊತ್ತಾಗುತ್ತದೆ. ನೀರನ್ನು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಉಪ್ಪು ಹೋಗುವುದಿಲ್ಲ. ಆವಿಯಾದಷ್ಟೂ ಉಪ್ಪು ಗಟ್ಟಿಯಾಗುತ್ತದೆ ಎಂಬುದನ್ನು ಮರೆಯಲಾಗದು. ಶೌಚಗುಂಡಿಗೂ ಬಾವಿಗೂ ಇರುವ ಅಂತರವನ್ನು ಸಹ ನೋಡಿಕೊಳ್ಳಬೇಕು. ಮರಳು ನೆಲದಲ್ಲಿ ಕೊಳೆನೀರು ಬೇಗ ಹರಿಯುತ್ತದೆ.

ಮೀನು

ಮೀನುಣ್ಣುವವರಿಗೆ ಇಂಥ ಊರು ಸ್ವರ್ಗ. ಬೂತಾಯಿ ಅಥವಾ ಬೈಗೆ, ಬಂಗುಡೆಗಳಂಥ ಅಗ್ಗದ ಮೀನುಗಳಲ್ಲಿಯೇ ಹೃದಯಕ್ಕೆ ಹಿತವಾದ ಒಮೆಗಾ-3 ಕೊಬ್ಬು ಹೇರಳವಾಗಿದೆ. ದುಬಾರಿಯಾದ ಅಂಜಲ್, ಮಾಂಜಿಗಳೇ ಬೇಕೆಂಬ ನಗರದ ಪ್ರತಿಷ್ಠೆಯನ್ನು ಬಿಟ್ಟರೆ ಜೇಬಿಗೂ ಲಾಭ, ಎದೆಗೂ ಲಾಭ. ಎಣ್ಣೆಯಲ್ಲಿ ಮುಳುಗಿಸಿ ಹುರಿಯುವುದಕ್ಕಿಂತ ಹುಳಿ-ಮೆಣಸಿನ ಗಸಿ ಮಾಡಿ ಉಣ್ಣುವುದು ಮೇಲು. ಸಂಧಿಗಳಲ್ಲಿ ಯೂರಿಕ್ ಆಮ್ಲದ ಬಾಧೆಯಿರುವವರು ಮಾತ್ರ ಬೈಗೆಯನ್ನು ಮಿತದಲ್ಲಿಡಬೇಕು.

ತಾಜಾತನದ ವಿಚಾರದಲ್ಲಿ ಒಂದು ಮಾತು. ಬಂಗುಡೆ, ಬೈಗೆ, ಕೇದರ ಈ ಜಾತಿಯ ಮೀನುಗಳು ಐಸು ಕಾಣದೆ ಬಿಸಿಲಿನಲ್ಲಿ ಕೆಲವು ತಾಸು ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ದ್ರವ್ಯ ಉತ್ಪನ್ನವಾಗುತ್ತದೆ. ಇದು ಕುದಿಸಿದರೂ ಹುರಿದರೂ ನಾಶವಾಗದು. ಮೀನು ಕೆಟ್ಟ ವಾಸನೆ ಬೀರಲೇಬೇಕೆಂದೂ ಇಲ್ಲ. ಉಂಡ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸಿ, ಎದೆ ಡವಡವಿಸತೊಡಗುತ್ತದೆ. ಬಹಳ ಜನ ಇದನ್ನು ‘ಮೀನು ಮೈಗೆ ಒಗ್ಗಲಿಲ್ಲ’ ಎಂದುಕೊಂಡು ಜೀವಮಾನವಿಡೀ ಬಂಗುಡೆಯನ್ನು ತೊರೆಯುತ್ತಾರೆ. ದೋಷ ಮೀನಿನ ಜಾತಿಯದಲ್ಲ, ಅದನ್ನು ಇಟ್ಟ ರೀತಿಯದು. ಸಾಮಾನ್ಯವಾಗಿ ಅಲರ್ಜಿಗೆ ಕೊಡುವ ಔಷಧದಿಂದ ಶಮನವಾಗುತ್ತದೆ. ಉಸಿರಾಟಕ್ಕೆ ತೊಡಕಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಹೊಸದಾಗಿ ಬಂದವರು ಅರಿತಿರಬೇಕಾದ ಇನ್ನೊಂದು ಸಂಗತಿಯೆಂದರೆ ಮೀನೂರಿನಲ್ಲಿ ವರ್ಷವಿಡೀ ಮೀನಿರುವುದಿಲ್ಲ. ಮೀನಿನ ಸಂತತಿಯ ರಕ್ಷಣೆಗಾಗಿ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಎಂದರೆ 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧವಿದೆ. ನಾಡದೋಣಿಯವರು ಕಡಲು ಅನುವು ಮಾಡಿಕೊಟ್ಟಾಗ ತಂದದ್ದೇ ತಾಜಾ ಮೀನು. ಉಳಿದ ದಿನಗಳಲ್ಲಿ ಒಣಮೀನಿನ ಚಟ್ನಿ, ಉಪ್ಪಿನಲ್ಲಿಟ್ಟ ಮೀನು. ಗಂಜಿಯೊಡನೆ ಅದರ ರುಚಿಯನ್ನು ಬಲ್ಲವರೇ ಬಲ್ಲರು! ಆದರೆ ಅದರಲ್ಲಿರುವ ಉಪ್ಪು ರಕ್ತದೊತ್ತಡದ ರೋಗಿಗೆ ವಿಷಪ್ರಾಯ. ಹಿಂದಿನ ಕಾಲದ ಮೀನುಗಾರನು ದಿನವೆಲ್ಲ ಹುಟ್ಟು ಹಾಕಿ ಬೆವರು ಸುರಿಸಿ ಆ ಉಪ್ಪನ್ನು ಕಳೆದುಕೊಳ್ಳುತ್ತಿದ್ದನು. ಜಗಲಿಯಲ್ಲಿ ಕುಳಿತು ಪತ್ರಿಕೆ ಓದುವ ನಿವೃತ್ತನಿಗೆ ಆ ಸೌಲಭ್ಯವಿಲ್ಲ. ಮರುವಾಯಿ, ಕಲ್ವಗಳಂಥ ಚಿಪ್ಪಿನ ಜೀವಿಗಳು ತಾವಿರುವ ನೀರಿನ ಕೊಳೆಯನ್ನೂ ಹೀರಿಕೊಂಡಿರುವುದರಿಂದ ಚೆನ್ನಾಗಿ ಬೇಯಿಸದೆ ತಿನ್ನಲಾಗದು. ಅರೆಬೆಂದ ಚಿಪ್ಪಿನಿಂದ ಕಾಮಾಲೆ ತಗಲುವುದುಂಟು.

ಮಳೆಗಾಲವೆಂಬ ಪರೀಕ್ಷೆ

ಮುಂಬಯಿಯವರು ತಮಗೆ ಮಳೆ ಹೊಸದಲ್ಲವೆನ್ನುತ್ತಾರೆ. ನಿಜ. ಆದರೆ ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4,000 ಮಿಲಿಮೀಟರ್. ಮುಂಬಯಿಯದಕ್ಕಿಂತ ಬಹಳಷ್ಟು ಹೆಚ್ಚು. ಅದರಲ್ಲಿ ಐದನೆಯ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಮೇಲಾಗಿ ಮುಂಬಯಿಯಲ್ಲಿ ಮಳೆ ಬಂದರೆ ಮೂರನೆಯ ಅಂತಸ್ತಿನ ಬಾಗಿಲು ಹಾಕಿಕೊಂಡರಾಯಿತು. ಇಲ್ಲಿ ಅಂಗಳ, ತೋಟ, ಬಾವಿಕಟ್ಟೆ, ಕೆಂಪುಕಲ್ಲಿನ ಮೆಟ್ಟಿಲುಗಳೊಡನೆ ಬಾಳಬೇಕು. ಆ ಮೆಟ್ಟಿಲುಗಳ ಮೇಲೆ ಹಾವಸೆ ಕಟ್ಟಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವುದು ವೃದ್ಧರ ಪಾಲಿಗೆ ಯಾವ ರೋಗಾಣುವಿಗೂ ಕಡಮೆಯಾದ ಶತ್ರುವಲ್ಲ. ಒಂದು ಕೈಹಿಡಿಯ ಸರಳು, ಕೆರೆದು ಸುಣ್ಣ ಹಾಕಿದ ಮೆಟ್ಟಿಲು, ಒಳ್ಳೆಯ ದೀಪ ಇವಕ್ಕೆ ಖರ್ಚು ಸ್ವಲ್ಪ.

ತಿಂಗಳುಗಟ್ಟಲೆ ಬಿಸಿಲು ಕಾಣದ ಗೋಡೆಗಳ ಮೇಲೆ, ಬೀರುವಿನ ಬಟ್ಟೆಗಳ ಮೇಲೆ, ಪುಸ್ತಕಗಳ ಮೇಲೆ ಬೂಷ್ಟು ಬೆಳೆಯುತ್ತದೆ. ಅದರ ಕಣಗಳು ಗೂರಲಿನವರನ್ನು ಕಾಡುತ್ತವೆ. ‘ಹವೆ ಬದಲಾದರೆ ಉಬ್ಬಸ ಹೋದೀತು’ ಎಂದು ಕಡಲತೀರಕ್ಕೆ ಬಂದವರು ಜುಲೈಯಲ್ಲಿ ಮೊದಲಿಗಿಂತ ಹೆಚ್ಚು ಉಬ್ಬಸಪಡುವುದಕ್ಕೆ ಇದೇ ಕಾರಣ. ಗಾಳಿ ಆಡುವ, ನೀರು ಸೋರದ, ನೆಲದಿಂದ ತಕ್ಕಷ್ಟು ಎತ್ತರವಿರುವ ಮನೆ ಅಂಥವರಿಗೆ ಔಷಧದಷ್ಟೇ ಮುಖ್ಯ.

ಇಲಿಜ್ವರದ ಹೆಸರು ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು. ಇಲಿ ಮತ್ತಿತರ ಪ್ರಾಣಿಗಳ ಮೂತ್ರದ ಮೂಲಕ ರೋಗಾಣುಗಳು ನಿಂತ ನೀರನ್ನು ಸೇರಿ, ಕಾಲಿನ ಸಣ್ಣ ಗಾಯದ ಮೂಲಕ ದೇಹವನ್ನು ಹೊಗುತ್ತವೆ. ಜ್ವರ, ಮೀನಖಂಡದಲ್ಲಿ ತಡೆಯಲಾರದ ನೋವು, ಕೆಂಪಾದ ಕಣ್ಣು. ಉಪೇಕ್ಷಿಸಿದರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ. ಆರಂಭದಲ್ಲಿಯೇ ಗುರುತಿಸಿದರೆ ಸಾಮಾನ್ಯ ಪ್ರತಿಜೈವಿಕ ಔಷಧಗಳಿಂದಲೇ ಗುಣವಾಗುವ ರೋಗವಿದು. ಮಳೆಗಾಲದಲ್ಲಿ ಜ್ವರ ಬಂದರೆ ಎರಡು ದಿನ ಕಷಾಯ ಕುಡಿದು ನೋಡೋಣ ಎಂಬ ಅಭ್ಯಾಸ ಇಲ್ಲಿ ನಡೆಯದು. ಡೆಂಗೆ, ಮಲೇರಿಯಗಳ ಸಂಶಯವೂ ಇರುವುದರಿಂದ ರಕ್ತಪರೀಕ್ಷೆ ಅಗತ್ಯ.

ಅಷ್ಟಾಗಿ ಪ್ರಚಾರಕ್ಕೆ ಬಾರದ ಇನ್ನೊಂದು ರೋಗದ ಬಗ್ಗೆ ಮಧುಮೇಹಿಗಳು ವಿಶೇಷವಾಗಿ ತಿಳಿದಿರಬೇಕು. ಅದರ ಹೆಸರು ಮೆಲಿಯಾಯ್ಡೋಸಿಸ್. 1912ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಇದನ್ನು ಮೊದಲ ಬಾರಿಗೆ ವರ್ಣಿಸಿದರು. ರೋಗಾಣು ಮಣ್ಣಿನಲ್ಲಿಯೂ ಕೆಸರುನೀರಿನಲ್ಲಿಯೂ ಇರುತ್ತದೆ. ಗಾಯದ ಮೂಲಕ, ಕೆಲವೊಮ್ಮೆ ಉಸಿರಿನ ಮೂಲಕ ಒಳಸೇರುತ್ತದೆ. ಕರಾವಳಿ ಕರ್ನಾಟಕದ ರೋಗಿಗಳಲ್ಲಿ ಇದನ್ನು ಪತ್ತೆಹಚ್ಚುವುದರಲ್ಲಿ ಮಣಿಪಾಲದ ವೈದ್ಯರ ಶ್ರಮ ಗಮನಾರ್ಹ. ಹೆಚ್ಚಿನ ರೋಗಿಗಳು ಮಧುಮೇಹದವರು. ಹೆಚ್ಚಿನವರಿಗೆ ರೋಗ ಕಾಣಿಸುವುದು ಮಳೆಗಾಲದಲ್ಲಿ. ನ್ಯುಮೋನಿಯದಂತೆ, ಯಕೃತ್ತಿನ ಕೀವುಗುಳ್ಳೆಯಂತೆ, ಸಂಧಿಯ ಬಾವಿನಂತೆ, ಒಮ್ಮೊಮ್ಮೆ ಕ್ಷಯದಂತೆ ವೇಷ ಹಾಕಿಕೊಂಡು ಬರುವುದರಿಂದ ತಿಂಗಳುಗಟ್ಟಲೆ ಬೇರೆ ಔಷಧ ನಡೆಯುವ ಅಪಾಯವಿದೆ. ಚಿಕಿತ್ಸೆಯೂ ದೀರ್ಘ: ಮೊದಲು ರಕ್ತನಾಳದ ಮೂಲಕ ಔಷಧ, ಆಮೇಲೆ ತಿಂಗಳುಗಳ ಕಾಲ ಗುಳಿಗೆ. ನಿವೃತ್ತಿಯ ನಂತರ ಉತ್ಸಾಹದಿಂದ ಅಡಿಕೆ ಸಸಿ, ಬಸಳೆ ಬಳ್ಳಿ ನೆಡಲು ಬರಿಗಾಲಿನಲ್ಲಿ ತೋಟಕ್ಕಿಳಿಯುವ ಮಧುಮೇಹಿಯ ಚಿತ್ರವನ್ನು ಕಣ್ಣ ಮುಂದೆ ತಂದುಕೊಂಡರೆ ಗಮ್‌ಬೂಟು, ಕೈಗವಸುಗಳು ನಗರದವರ ಒಣ ಆಡಂಬರವಲ್ಲವೆಂದು ತಿಳಿಯುತ್ತದೆ. ಜ್ವರವೆಂದು ವೈದ್ಯರಲ್ಲಿಗೆ ಹೋದಾಗ ‘ಸಿಹಿಮೂತ್ರವಿದೆ, ಮಣ್ಣಿನಲ್ಲಿ ಕೆಲಸ ಮಾಡಿದ್ದೇನೆ’ ಎಂಬ ಎರಡು ಮಾತು ಹೇಳುವುದನ್ನು ಮರೆಯಬಾರದು.

ಮರಳಿನ ಮೇಲೆ ಬರಿಗಾಲ ನಡಿಗೆಯೂ ಮಧುಮೇಹಿಗೆ ಹೇಳಿದ್ದಲ್ಲ. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಮುರಿದ ಚಿಪ್ಪು, ಗಾಳದ ಮುಳ್ಳು ಚುಚ್ಚಿದ್ದು ತಿಳಿಯದು. ಗಾಯಕ್ಕೆ ಕಡಲನೀರು ಸೋಂಕಿದರೆ ಮಾಯುತ್ತದೆಂಬ ಮಾತಿಗೂ ಆಧಾರವಿಲ್ಲ; ಯಕೃತ್ತಿನ ರೋಗಿಗಳಲ್ಲಿ ಅದು ಪ್ರಾಣಾಂತಿಕ ಸೋಂಕಿಗೆ ದಾರಿಯಾದೀತು.

ಮಳೆಗಾಲದಲ್ಲಿ ವಿದ್ಯುತ್ತು ಗಾಳಿ ಬಂದಾಗಲೆಲ್ಲ ಹೋಗುತ್ತದೆ. ಇನ್ಸುಲಿನ್ ಬಳಸುವವರು ಗಾಬರಿಗೊಳ್ಳಬೇಕಿಲ್ಲ: ಬಳಕೆಯಲ್ಲಿರುವ ಬಾಟಲಿ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡದೆ ಉಳಿಯುತ್ತದೆ. ನೀರು ಹನಿಸಿದ ಮಣ್ಣಿನ ಮಡಕೆಯಲ್ಲಿ, ನೀರು ತಾಗದಂತೆ, ಇಡುವ ಪದ್ಧತಿಯೂ ಪರೀಕ್ಷೆಗೆ ನಿಂತಿದೆ. ಹೆಚ್ಚಿನ ದಾಸ್ತಾನು ಮಾತ್ರ ಅಂಗಡಿಯ ಶೈತ್ಯಯಂತ್ರದಲ್ಲಿರಲಿ.

ಎದೆನೋವು ಮತ್ತು ದಾರಿ

ಗಂಗೊಳ್ಳಿಯಿಂದ ಮಣಿಪಾಲಕ್ಕೆ ಸುಮಾರು 50 ಕಿಲೋಮೀಟರು. 1953ರಲ್ಲಿ ಅಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಆರಂಭವಾದುದು ಈ ಕರಾವಳಿಯ ಭಾಗ್ಯವೇ ಸರಿ. ಭಾರತದ ಎಷ್ಟೋ ಕಡಲೂರುಗಳಿಗೆ ಅಂಥ ಆಸ್ಪತ್ರೆ ಈ ದೂರದಲ್ಲಿಲ್ಲ. ಹಾಗಿದ್ದರೂ ಹೃದಯಾಘಾತದಲ್ಲಿ ಮೊದಲ ಒಂದೆರಡು ತಾಸುಗಳೇ ನಿರ್ಣಾಯಕವೆಂಬುದನ್ನು ನೆನೆದರೆ, ರಾತ್ರಿ ಎರಡು ಗಂಟೆಗೆ ಜಡಿಮಳೆಯಲ್ಲಿ ಆ ದೂರ ಎಷ್ಟು ಎಂಬುದನ್ನು ಮುಂಚಿತವಾಗಿ ಲೆಕ್ಕ ಹಾಕಿಡಬೇಕು. ಕರ್ನಾಟಕದಲ್ಲಿ 2008ರ ನವೆಂಬರಿನಿಂದ 108 ಸಂಖ್ಯೆಯ ಆಂಬುಲೆನ್ಸ್ ಸೇವೆಯಿದೆ. ಅದರ ಜೊತೆಗೆ ನೆರೆಹೊರೆಯ ರಿಕ್ಷಾ ಅಥವಾ ಕಾರಿನವರೊಬ್ಬರ ದೂರವಾಣಿ ಸಂಖ್ಯೆ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿರಬೇಕು. ರಕ್ತನಾಳದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಕೊಡುವ ಅತ್ಯಂತ ಸಮೀಪದ ಆಸ್ಪತ್ರೆ ಯಾವುದು, ಆಂಜಿಯೊಪ್ಲಾಸ್ಟಿ ಮಾಡುವುದೆಲ್ಲಿ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಳ್ಳಬೇಕು. ಮುಂಬಯಿಯ ವೈದ್ಯರ ಬಳಿಯಿರುವ ಹಳೆಯ ಇ.ಸಿ.ಜಿ., ಔಷಧಪಟ್ಟಿಗಳ ಪ್ರತಿ ಕೈಯಲ್ಲಿರಲಿ. ಈಗಾಗಲೇ ಹೃದಯದ ಶಸ್ತ್ರಚಿಕಿತ್ಸೆಯಾದವರು, ಡಯಾಲಿಸಿಸ್ ಬೇಕಾದವರು ಕಡಲಿನ ಅಂಚಿನ ಊರನ್ನು ಬಿಟ್ಟು ಕುಂದಾಪುರ, ಉಡುಪಿಗಳಲ್ಲಿಯೇ ಮನೆ ಮಾಡಿ ಸಂಜೆ ಕಡಲು ನೋಡಿ ಬರುವುದು ಜಾಣತನ.

ಊರು ಮತ್ತು ಜನ

ದೇಹದ ಮಾತಿಗಿಂತ ಕಠಿಣವಾದುದು ಮನಸ್ಸಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯು ಒಂಟಿತನವನ್ನು ಆರೋಗ್ಯದ ಗಂಭೀರ ಸಮಸ್ಯೆಯೆಂದೇ ಪರಿಗಣಿಸಿ 2023ರಲ್ಲಿ ಅದಕ್ಕಾಗಿ ಆಯೋಗವೊಂದನ್ನು ನೇಮಿಸಿತು. ಹುಟ್ಟೂರಿಗೆ ಹಿಂದಿರುಗುವವರಿಗೆ ಒಂಟಿತನವೆಲ್ಲಿಂದ ಎಂದು ಕೇಳಬಹುದು. ಆದರೆ ಊರು ಸಾಮಾನ್ಯವಾಗಿ ಗಂಡನದು, ಹೆಂಡತಿಯದಲ್ಲ. ನಲವತ್ತು ವರ್ಷ ಡೊಂಬಿವಲಿಯಲ್ಲಿಯೋ ಮುಲುಂಡಿನಲ್ಲಿಯೋ ಬಾಳಿದ ಗೃಹಿಣಿಗೆ ಅಲ್ಲಿ ಭಜನಾ ಮಂಡಳಿಯಿತ್ತು, ಕನ್ನಡ ಸಂಘದ ಮಹಿಳಾ ವಿಭಾಗವಿತ್ತು, ಎದುರುಮನೆಯ ಮರಾಠಿ ಗೆಳತಿಯಿದ್ದಳು, ಯಾರ ಹಂಗಿಲ್ಲದೆ ರೈಲು ಹತ್ತಿ ದಾದರಕ್ಕೆ ಹೋಗಿಬರುವ ಸ್ವಾತಂತ್ರ್ಯವಿತ್ತು. ಇಲ್ಲಿ ಗಂಡನಿಗೆ ಕಟ್ಟೆಯ ಮೇಲೆ ಬಾಲ್ಯದ ಸಂಗಾತಿಗಳು ದೊರೆಯುತ್ತಾರೆ. ಆಕೆಗೆ ದೊಡ್ಡ ಮನೆ, ದೊಡ್ಡ ಅಂಗಳ, ಗುಡಿಸಿದಷ್ಟೂ ಬೀಳುವ ಎಲೆ. ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಮೈಕೈ ನೋವು ಎಂದು ವೈದ್ಯರಲ್ಲಿಗೆ ಬರುವ ಎಷ್ಟೋ ದೂರುಗಳ ಮೂಲ ಇಲ್ಲಿರಬಹುದು. ಈ ನಿರ್ಧಾರದಲ್ಲಿ ಆಕೆಯ ಮಾತಿಗೆ ಅರ್ಧಕ್ಕಿಂತ ಹೆಚ್ಚಿನ ತೂಕವಿರತಕ್ಕದ್ದು ನ್ಯಾಯ.

ಇನ್ನು ಗಂಡನು ನೆನಪಿಟ್ಟುಕೊಂಡ ಊರೂ ಅಲ್ಲಿಲ್ಲ. ರಂಪಣಿ ಬಲೆಯನ್ನು ಊರಿಗೆ ಊರೇ ಕೂಡಿ ದಡಕ್ಕೆ ಎಳೆಯುತ್ತಿದ್ದ ನೋಟ 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಕ್ರಮೇಣ ಮರೆಯಾಯಿತು. ಈಗಿನದು ಡೀಸೆಲ್ಲು, ಸಾಲ, ಐಸು, ಮೀನಿನ ಬರಗಾಲ ಇವುಗಳೊಡನೆ ಹೋರಾಡುವ ದುಡಿಮೆಯ ಊರು. ಬೆಳಗಿನ ಜಾವ ಎಂಜಿನುಗಳ ಸದ್ದು, ಒಣಹಾಕಿದ ಮೀನಿನ ವಾಸನೆ ಅದರ ಉಸಿರಾಟ. ಸಸ್ಯಾಹಾರಿಗಳಾದ ಹೊಸಬರು ಬಂದರಿನ ಪಕ್ಕದಲ್ಲಿ ಮನೆ ಕೊಂಡು ಆಮೇಲೆ ವಾಸನೆಯೆಂದು ಪಂಚಾಯತಿಗೆ ಅರ್ಜಿ ಬರೆಯುವುದು ಸಲ್ಲದು. ಅರ್ಧ ಮೈಲಿ ಒಳಗೆ ಮನೆ ನೋಡಿದರೆ ಇಬ್ಬರಿಗೂ ಕ್ಷೇಮ. ಅಲೆಗಳಿಗೆ ತೀರ ಹತ್ತಿರ ಮನೆ ಕಟ್ಟುವುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು 1991ರಿಂದಲೂ ಅಡ್ಡಿಯಾಗಿವೆ. ಮರವಂತೆಯ ಬಳಿ ಪ್ರತಿ ಮಳೆಗಾಲದಲ್ಲಿ ಕಡಲು ಹೆದ್ದಾರಿಯ ಬುಡಕ್ಕೆ ಬಡಿಯುವುದನ್ನು ಕಂಡವರಿಗೆ ಆ ನಿಯಮದ ಅರ್ಥ ಬೇಗ ತಿಳಿಯುತ್ತದೆ. ದಡವು ಬಲೆ ಹರವುವ, ದೋಣಿ ಎಳೆದಿಡುವ ಜಾಗವೆಂಬುದನ್ನು ಗೌರವಿಸುವ ಹೊಸಬನಿಗೆ ಕಷ್ಟಕಾಲದಲ್ಲಿ ಮೊದಲು ಬಾಗಿಲು ತಟ್ಟುವವರು ಅದೇ ಮೀನುಗಾರರ ಮನೆಯವರು.

ಹೀಗಿರುವಾಗ ಮುಂಬಯಿಯ ಮನೆಯನ್ನು ಮಾರಿ ಬರುವ ಅವಸರ ಬೇಡ. ಅದನ್ನು ಹಾಗೆಯೇ ಇಟ್ಟುಕೊಂಡು, ಮೆಚ್ಚಿದ ಊರಿನಲ್ಲಿ ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆಮನೆ ಹಿಡಿಯುವುದು ಉತ್ತಮ. ಬಂದಿಳಿಯಲು ತಕ್ಕ ಕಾಲ ಏಪ್ರಿಲ್. ಆಗ ಬಾವಿಯ ನಿಜವಾದ ರುಚಿ ತಿಳಿಯುತ್ತದೆ, ಸೆಕೆಯ ಅನುಭವವಾಗುತ್ತದೆ. ಎರಡು ತಿಂಗಳಲ್ಲಿ ಮಳೆಯೂ ಬರುತ್ತದೆ, ಬೋಟುಗಳೂ ದಡ ಸೇರುತ್ತವೆ. ಜೂನ್‌ಗೆ ಮುನ್ನ ಸ್ಥಳೀಯ ವೈದ್ಯರೊಬ್ಬರ ಪರಿಚಯ ಮಾಡಿಕೊಂಡು, ಮೂರು ತಿಂಗಳ ಔಷಧ ತಂದಿಟ್ಟುಕೊಂಡು, ಧನುರ್ವಾಯು ಮತ್ತು ಫ್ಲೂ ಚುಚ್ಚುಮದ್ದುಗಳ ಬಗ್ಗೆ ವಿಚಾರಿಸಬೇಕು. ನೂಲಹುಣ್ಣಿಮೆಯ ಹೊತ್ತಿಗೆ, ಮುಂಬಯಿಯ ಕೋಳಿಗಳು ನಾರಳಿ ಪೂರ್ಣಿಮೆಯೆಂದು ಆಚರಿಸುವ ಅದೇ ದಿನ, ಇಲ್ಲಿನ ಕರಾವಳಿಯಲ್ಲಿಯೂ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸುವ ರೂಢಿಯಿದೆ. ಅಷ್ಟರೊಳಗೆ ಜಡಿಮಳೆಯ ಎರಡು ತಿಂಗಳು ಕಳೆದಿರುತ್ತವೆ. ಮನೆ ಕೊಳ್ಳುವ ಮಾತನ್ನು ಗಂಡಹೆಂಡಿರು ಕುಳಿತು ಆಡಬೇಕಾದದ್ದು ಆಗ. ಕೊಂಡ ಮನೆಗೆ ಮೊದಲು ಮಾಡಿಸಬೇಕಾದದ್ದು ಮೆಟ್ಟಿಲಿನ ಪಕ್ಕದ ಆ ಕೈಹಿಡಿ.